ಮಕ್ಕಳನ್ನು ಈ ಚಿತ್ರಕ್ಕೆ ಕರೆದೊಯ್ಯಬಹುದೇ?

ನಮ್ಮ ವಾಚನಾಲಯಕ್ಕೆ ಭಾನುವಾರ ಬೆಳಿಗ್ಗೆ ಬರುವ ಮಿತ್ರರು ಮೊದಲು ಕೈಗೆತ್ತಿಕೊಳ್ಳುವುದು ಊರಿನ ಸುದ್ದಿಯ ಪುಟವನ್ನು. ಎರಡನೆಯದಾಗಿ ಸಿನಿಮಾ ಪುಟವನ್ನು. ಇದರಲ್ಲಿ ತಪ್ಪೇನೂ ಇಲ್ಲ. ಆರು ದಿನ ದುಡಿದವನಿಗೆ ಏಳನೆಯ ದಿನ ಮೂರು ಗಂಟೆಯ ವಿನೋದ ಬೇಕು. ಒಬ್ಬನೇ ಹೋಗುವವನಿಗೆ ನಾವು ಹೇಳಬೇಕಾದುದೂ ಏನಿಲ್ಲ. ಆದರೆ ಮಕ್ಕಳ ಕೈ ಹಿಡಿದು ಹೊರಡುವವರು ಈಚೆಗೆ ಪದೇ ಪದೇ ಒಂದು ಪ್ರಶ್ನೆ ಕೇಳುತ್ತಾರೆ: “ಯಂತ್ರಮಾನವ, ಹಾರುವ ಬಂಡಿ, ಗುಂಡಿನ ಮಳೆ ಎಲ್ಲ ಇದೆಯಂತಲ್ಲ, ಆ ಚಿತ್ರಕ್ಕೆ ಹುಡುಗರನ್ನು ಕರೆದುಕೊಂಡು ಹೋಗಬಹುದೇ ಸ್ವಾಮಿ?”

ಈ ಪ್ರಶ್ನೆಗೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಉತ್ತರವನ್ನು ಕಂಡುಕೊಳ್ಳುವ ದಾರಿ ಮಾತ್ರ ಉಂಟು. ಆ ದಾರಿ ನನಗೆ ತಿಳಿದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಆದುದರಿಂದ ಅದನ್ನೇ ಮೊದಲು ಹೇಳುತ್ತೇನೆ.

2018ರ ನವೆಂಬರ್ 29ರಂದು ಶಂಕರ್ ಅವರು ನಿರ್ದೇಶಿಸಿದ ‘2.0’ ಎಂಬ ತಮಿಳು ಚಿತ್ರ ಬಿಡುಗಡೆಯಾಯಿತು. 2010ರಲ್ಲಿ ಬಂದಿದ್ದ ಅವರದೇ ‘ಎಂದಿರನ್’ ಚಿತ್ರದ ಮುಂದಿನ ಭಾಗವದು. ನಾಯಕರು ರಜನೀಕಾಂತ್. ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ಮದರಾಸಿಗೆ ಬಂದು ನಟನೆ ಕಲಿತವರು. ಈ ಊರಿಗೆ ದುಡಿಯಲು ಬಂದ ನಮ್ಮಂಥವರಿಗೆ ಅವರ ಮೇಲೆ ಅಭಿಮಾನ ಒಂದು ಹಿಡಿ ಹೆಚ್ಚು. ಆಗ ನಮ್ಮ ಅತ್ತಿಗೆ ಹರಿಹರದ ತವರಿನಲ್ಲಿ ಬಾಣಂತಿ. ಅಣ್ಣ ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ದೊಡ್ಡ ಹುಡುಗನನ್ನು ನಮ್ಮ ತಾಯಿ ಇಲ್ಲಿಗೆ ಕರೆದುಕೊಂಡು ಬಂದಿದ್ದರು. ಅವನಿಗೆ ಇನ್ನೂ ಆರು ತುಂಬಿರಲಿಲ್ಲ. ಹುಡುಗನಿಗೆ ಬೇಸರ ಕಳೆಯಲೆಂದು ಆ ಭಾನುವಾರ ನಾನು ಅವನನ್ನು ಆ ಚಿತ್ರಕ್ಕೆ ಕರೆದೊಯ್ದೆ.

ಚಿತ್ರದ ಆರಂಭದಲ್ಲಿಯೇ ಒಬ್ಬ ವೃದ್ಧನು ಮೊಬೈಲ್ ಗೋಪುರವನ್ನು ಹತ್ತಿ ನೇಣು ಹಾಕಿಕೊಳ್ಳುತ್ತಾನೆ. ಅನಂತರ ಊರಿನ ಜನರ ಕೈಯಿಂದ ಫೋನುಗಳು ತಾವಾಗಿಯೇ ಹಾರಿ ಹೋಗುತ್ತವೆ. ಒಟ್ಟುಗೂಡಿ ಬಂದು ಮನುಷ್ಯರನ್ನು ಕೊಲ್ಲುತ್ತವೆ. ದೈತ್ಯಪಕ್ಷಿಯ ರೂಪ ತಾಳುತ್ತವೆ. ಕನ್ನಡಕ ಹಾಕಿಕೊಂಡು ನೋಡುವ ಮೂರು ಆಯಾಮದ ಚಿತ್ರವಾದುದರಿಂದ ಅವೆಲ್ಲ ಮೈಮೇಲೆಯೇ ಬಂದಂತೆ ಕಾಣುತ್ತವೆ. ಹುಡುಗ ಅಳಲಿಲ್ಲ. ತುಟಿ ಪಿಟಕ್ಕೆನ್ನದೆ ಕುಳಿತಿದ್ದ. ಚಿತ್ರದಲ್ಲಿ ಮುಳುಗಿದ್ದಾನೆಂದು ನಾನು ಸಂತೋಷಪಟ್ಟೆ.

ರಾತ್ರಿ ಎಂಟು ಗಂಟೆಗೆ ಎಂದಿನಂತೆ ಹರಿಹರದಿಂದ ಅವನ ತಾಯಿಯ ಫೋನು ಬಂತು. ಹುಡುಗ ಮಂಚದ ಕೆಳಗೆ ಸೇರಿಕೊಂಡ. “ಒಲ್ಲೆ ಚಿಗಪ್ಪ, ಅದು ಹಾರತೈತೆ” ಎಂದ. ಐದು ದಿನ ಅವನು ಫೋನಿನ ಹತ್ತಿರ ಸುಳಿಯಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗನ ಧ್ವನಿ ಕೇಳದೆ ಅಲ್ಲಿ ಹಸಿ ಬಾಣಂತಿ ಕಣ್ಣೀರಿಡುತ್ತಿದ್ದಳು. ಮಗನಿಗೆ ಏನೋ ಆಗಿದೆ, ನಮ್ಮಿಂದ ಮುಚ್ಚಿಡುತ್ತಿದ್ದಾರೆ ಎಂದು ಶಂಕಿಸುತ್ತಿದ್ದಳು. ಊರು ಬಿಟ್ಟು ಬಂದವರ ಮನೆಯಲ್ಲಿ ಫೋನು ಆಟದ ಸಾಮಾನಲ್ಲ. ಅದು ತಾಯಿಗೂ ಮಗುವಿಗೂ ನಡುವಣ ಸೇತುವೆ. ನೂರೈವತ್ತು ರೂಪಾಯಿ ಟಿಕೀಟು ಕೊಟ್ಟು ಆ ಸೇತುವೆಯನ್ನು ನಾನೇ ಕಡಿದಿದ್ದೆ.

ಸರ್ಟಿಫಿಕೇಟು ಹೇಳುವುದೇನು?

“ಸರಕಾರದ ಮಂಡಲಿ ನೋಡಿ ಒಪ್ಪಿದ ಚಿತ್ರವಲ್ಲವೇ?” ಎಂದು ಕೇಳುವವರುಂಟು. ಆ ಒಪ್ಪಿಗೆಯ ಅರ್ಥವೇನೆಂಬುದನ್ನು ತಿಳಿದಿರಬೇಕು.

ಚಿತ್ರಗಳನ್ನು ತೂಗಿ ನೋಡುವ ಕೆಲಸ ಈ ಊರಿಗೆ ಹೊಸದಲ್ಲ. 1918ರ ಕಾಯಿದೆಯ ಮೇರೆಗೆ 1920ರಲ್ಲಿ ಮುಂಬಯಿ, ಕಲಕತ್ತೆಗಳ ಜೊತೆಗೆ ಮದರಾಸಿನಲ್ಲಿಯೂ ಸೆನ್ಸಾರ್ ಮಂಡಲಿ ಏರ್ಪಟ್ಟಿತು. ಕನ್ನಡದ ಚಿತ್ರಗಳೂ ದಶಕಗಳ ಕಾಲ ಇಲ್ಲಿಯ ಕೋಡಂಬಾಕಂ, ವಡಪಳನಿಗಳ ಸ್ಟುಡಿಯೋಗಳಲ್ಲಿಯೇ ತಯಾರಾದುವು. ಸ್ವಾತಂತ್ರ್ಯ ಬಂದ ಮೇಲೆ 1952ರ ಸಿನಿಮಾಟೋಗ್ರಾಫ್ ಕಾಯಿದೆ ದೇಶಕ್ಕೆಲ್ಲ ಒಂದೇ ಕಟ್ಟಳೆಯನ್ನು ತಂದಿತು. ಮೊದಲು ಎಲ್ಲರೂ ನೋಡಬಹುದಾದ ‘ಯು’, ವಯಸ್ಕರಿಗೆ ಮಾತ್ರ ಎಂಬ ‘ಎ’ ಎಂದು ಎರಡೇ ದರ್ಜೆಗಳು ಬಳಕೆಯಲ್ಲಿದ್ದುವು. 1983ರಲ್ಲಿ ಇವೆರಡರ ನಡುವೆ ‘ಯುಎ’ ಸೇರಿತು. ಅದೇ ವರ್ಷ ಮಂಡಲಿಯ ಹೆಸರಿನಲ್ಲಿದ್ದ ‘ಸೆನ್ಸಾರ್’ ಎಂಬ ಮಾತು ಹೋಗಿ ‘ಪ್ರಮಾಣೀಕರಣ’ ಎಂಬುದು ಬಂತು. ಜನರ ಬಾಯಲ್ಲಿ ಮಾತ್ರ ಇಂದಿಗೂ ಅದು ಸೆನ್ಸಾರೇ.

2023ರ ತಿದ್ದುಪಡಿ ಮತ್ತು 2024ರ ನಿಯಮಗಳಿಂದ ಈ ನಡುವಣ ದರ್ಜೆಯನ್ನು ಮತ್ತೆ ಮೂರು ಮಾಡಿದ್ದಾರೆ: ಯುಎ 7+, ಯುಎ 13+, ಯುಎ 16+. ಇಲ್ಲಿ ಗಮನಿಸಬೇಕಾದ ಒಂದು ಭೇದವುಂಟು. ‘ಎ’ ಎಂದರೆ ನಿಷೇಧ. 18 ತುಂಬದವರನ್ನು ಚಿತ್ರಮಂದಿರದವರು ಒಳಗೆ ಬಿಡಕೂಡದು. ತಂದೆಯೇ ಕೈ ಹಿಡಿದು ನಿಂತಿದ್ದರೂ ಬಿಡಕೂಡದು. ‘ಯುಎ’ ಎಂದರೆ ನಿಷೇಧವಲ್ಲ, ಎಚ್ಚರಿಕೆ. ಆ ವಯಸ್ಸಿಗಿಂತ ಚಿಕ್ಕ ಮಗುವಿಗೆ ಈ ಚಿತ್ರವನ್ನು ತೋರಿಸಬೇಕೇ ಬೇಡವೇ ಎಂಬುದನ್ನು ಹೆತ್ತವರು, ಪಾಲಕರು ಯೋಚಿಸಿ ತೀರ್ಮಾನಿಸಲಿ ಎಂದು ಅದರ ತಾತ್ಪರ್ಯ. ಬಾಗಿಲಲ್ಲಿ ನಿಮ್ಮನ್ನು ಯಾರೂ ತಡೆಯುವುದಿಲ್ಲ. ತಡೆಯಬೇಕಾದವರು ನೀವೇ.

ತೂಗುವ ಈ ಕೆಲಸ ಎಷ್ಟು ಕಷ್ಟವೆಂಬುದಕ್ಕೆ 2025ರ ಆಗಸ್ಟಿನಲ್ಲಿ ನಮ್ಮೂರಿನಲ್ಲಿಯೇ ನಡೆದ ವ್ಯಾಜ್ಯ ಸಾಕ್ಷಿ. ರಜನೀಕಾಂತರ ‘ಕೂಲಿ’ ಚಿತ್ರಕ್ಕೆ ಅದರಲ್ಲಿಯ ಹಿಂಸೆಯ ಕಾರಣದಿಂದ ಮಂಡಲಿಯು ‘ಎ’ ಕೊಟ್ಟಿತು. ನಿರ್ಮಾಪಕರು ‘ಯು/ಎ’ ಬೇಕೆಂದು ಮದರಾಸು ಹೈಕೋರ್ಟಿಗೆ ಹೋದರು. ಇಂಥದೇ ಹೊಡೆದಾಟಗಳಿದ್ದ ಬೇರೆ ಚಿತ್ರಗಳಿಗೆ ಆ ದರ್ಜೆ ಸಿಕ್ಕಿದೆಯೆಂದು ವಾದಿಸಿದರು. ನ್ಯಾಯಾಲಯ ಅದನ್ನು ಒಪ್ಪಲಿಲ್ಲ, ‘ಎ’ ಉಳಿಯಿತು. ಅದು ವೈಜ್ಞಾನಿಕ ಕಲ್ಪನೆಯ ಚಿತ್ರವಲ್ಲ. ಆದರೂ ಅದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಅನುಭವಸ್ಥರು ಕುಳಿತು ನೋಡಿದರೂ ಹಿಂಸೆಗೆ ಸೇರು, ಪಾವುಗಳ ಅಳತೆ ಸಿಕ್ಕುವುದಿಲ್ಲ. ಚಿತ್ರದ ಒಟ್ಟು ಪರಿಣಾಮವನ್ನು ನೋಡಿ ಹೇಳಬೇಕು ಎಂದೇ 1991ರ ಮಾರ್ಗಸೂಚಿಯೂ ಹೇಳುತ್ತದೆ.

ಮಂಡಲಿ ಎಷ್ಟು ಶ್ರದ್ಧೆಯಿಂದ ನೋಡಿದರೂ ಅದರ ಕಣ್ಣ ಮುಂದಿರುವುದು ವಯಸ್ಸು; ನಿಮ್ಮ ಮಗುವಲ್ಲ. ಮಗು ಕತ್ತಲೆಗೆ ಹೆದರುವುದೇ, ತಾಯಿಯಿಂದ ದೂರವಿರುವುದೇ, ಚಿತ್ರದ ಭಾಷೆ ಅದಕ್ಕೆ ಬರುವುದೇ – ಇವು ಸರ್ಟಿಫಿಕೇಟಿನಲ್ಲಿ ಬರೆದಿರುವುದಿಲ್ಲ. ಅದು ಅರ್ಧ ಕೆಲಸವನ್ನು ಮಾಡಿಕೊಡುತ್ತದೆ. ಉಳಿದರ್ಧ ನಮ್ಮದು.

ಸಣ್ಣವರ ಭಯ

ಏಳು ವರ್ಷದ ಒಳಗಿನ ಮಕ್ಕಳು ಹೆದರುವುದು ಕಾಣಿಸುವುದಕ್ಕೆ; ಕಥೆಗಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೋನ್ ಕ್ಯಾಂಟರ್ ಎಂಬ ವಿದ್ವಾಂಸರು ಮಕ್ಕಳ ಭಯವನ್ನೇ ಬಹುಕಾಲ ಅಭ್ಯಾಸ ಮಾಡಿದವರು. ‘ಹಲ್ಕ್’ ಎಂಬ ಟೆಲಿವಿಷನ್ ಧಾರಾವಾಹಿಯಲ್ಲಿ ಸಾಧು ಮನುಷ್ಯನೊಬ್ಬ ಕೋಪ ಬಂದಾಗ ಹಸಿರು ದೈತ್ಯನಾಗಿ ಮಾರ್ಪಟ್ಟು ಒಳ್ಳೆಯವರನ್ನೇ ಕಾಪಾಡುತ್ತಿದ್ದ. ದೊಡ್ಡವರಿಗೆ ಅವನು ರಕ್ಷಕ. ಪುಟ್ಟ ಮಕ್ಕಳು ಮಾತ್ರ ಅವನು ಮಾರ್ಪಡುವ ಗಳಿಗೆಯಲ್ಲಿಯೇ ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದರು. ಅವನು ಒಳ್ಳೆಯವನೆಂಬುದು ಕಥೆ. ಮುಖ ವಿಕಾರವಾದದ್ದು ಕಣ್ಣಿಗೆ ಕಂಡದ್ದು. ಆ ವಯಸ್ಸಿನಲ್ಲಿ ಕಣ್ಣು ಕಥೆಯನ್ನು ಗೆಲ್ಲುತ್ತದೆ.

“ನಾವು ಚಿಕ್ಕಂದಿನಲ್ಲಿ ಯಕ್ಷಗಾನದ ಬಣ್ಣದ ವೇಷ ನೋಡಿ ಹೆದರಲಿಲ್ಲವೇ? ಏನಾಯಿತು?” ಎಂದು ಕರಾವಳಿಯ ಮಿತ್ರರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ದೀವಟಿಗೆಯ ಬೆಳಕಿನಲ್ಲಿ ಮಹಿಷಾಸುರನು ಜನರ ನಡುವಿನಿಂದ ಅಬ್ಬರಿಸುತ್ತ ಬಂದಾಗ ಅಜ್ಜಿಯ ಸೆರಗಿನಲ್ಲಿ ಮುಖ ಮರೆಸಿಕೊಳ್ಳದ ಮಗುವಿಲ್ಲ. ಆದರೆ ಆ ಮಗು ಅಜ್ಜಿಯ ಮಡಿಲಲ್ಲಿತ್ತು. ಮಾತು ತನ್ನ ಮನೆಯ ಮಾತಾಗಿತ್ತು. ಬೆಳಗಾದ ಮೇಲೆ ಅದೇ ಮಹಿಷಾಸುರ ಬಣ್ಣ ತೊಳೆದುಕೊಂಡು ಚಹಾ ಕುಡಿಯುವುದನ್ನು ಅದು ನೋಡುತ್ತಿತ್ತು. ಮಹಿಷಾಸುರ ಮನೆಯೊಳಕ್ಕೆ ಬರುವವನೂ ಅಲ್ಲ. ವೈಜ್ಞಾನಿಕ ಚಿತ್ರದ ಹಿಂಸೆಯ ವಿಶೇಷ ಇರುವುದು ಇಲ್ಲಿಯೇ. ಅದು ದಿನವೂ ಕೈಯಲ್ಲಿ ಹಿಡಿಯುವ ವಸ್ತುವನ್ನು ರಾಕ್ಷಸನನ್ನಾಗಿ ಮಾಡುತ್ತದೆ. ಫೋನು, ಕಾರು, ಗೊಂಬೆ ಮನೆಗೆ ಬಂದ ಮೇಲೂ ಕಣ್ಣೆದುರಿಗೇ ಇರುತ್ತವೆ.

ಹೆದರಿದ ಮಗುವನ್ನು ಸಮಾಧಾನಪಡಿಸುವುದರಲ್ಲಿಯೂ ನಾನು ಎಡವಿದೆ. “ಅದೆಲ್ಲ ಕಂಪ್ಯೂಟರಿನಲ್ಲಿ ಬರೆದ ಚಿತ್ರ ಕಣೋ” ಎಂದು ಅರ್ಧ ಗಂಟೆ ವಿವರಿಸಿದೆ. ಅವನು ತಲೆಯಾಡಿಸಿದ, ಫೋನು ಬಡಿದಾಗ ಮತ್ತೆ ಮಂಚದಡಿ ಸೇರಿದ. ವಿವರಣೆಯಿಂದ ಧೈರ್ಯ ತಂದುಕೊಳ್ಳುವುದು ಎಂಟು, ಒಂಬತ್ತು ವರ್ಷದ ಮೇಲಿನ ಮಾತು. ಅದಕ್ಕೂ ಸಣ್ಣವರಿಗೆ ಬೇಕಾದುದು ಅಪ್ಪುಗೆ, ಜೊತೆ, ಹೆದರಿಸಿದ ವಸ್ತುವನ್ನು ಮೆಲ್ಲಗೆ ಮುಟ್ಟಿ ನೋಡುವ ಅವಕಾಶ. ಇದನ್ನು ಯಾವ ಪುಸ್ತಕವನ್ನೂ ಓದದ ನಮ್ಮ ತಾಯಿ ಬಲ್ಲವರಾಗಿದ್ದರು. ಆರನೆಯ ದಿನ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ತಮ್ಮ ಹಳೆಯ ಗುಂಡಿಯ ಫೋನನ್ನು ಅವನ ಕೈಗೆ ಕೊಟ್ಟರು. ಹಿಂದಿನ ಮುಚ್ಚಳ ತೆಗೆಸಿದರು. ಬ್ಯಾಟರಿಯನ್ನು ಅವನಿಂದಲೇ ಕೀಳಿಸಿದರು. ದೀಪ ಆರಿತು. ಮತ್ತೆ ಹಾಕಿಸಿದರು, ದೀಪ ಹತ್ತಿತು. ಹತ್ತು ಸಲ ಹೀಗಾಯಿತು. ಆ ರಾತ್ರಿ ಹುಡುಗ ಫೋನನ್ನು ಕಿವಿಗಿಟ್ಟುಕೊಳ್ಳದೆ, ದೂರದಲ್ಲಿ ಹಿಡಿದು, “ಅವ್ವಾ, ಉಂಡ್ಯಾ?” ಎಂದ. ಅಷ್ಟು ಸಾಕಾಯಿತು.

ಭಾಷೆ ತಿಳಿಯದ ಮಗು

ಇನ್ನೊಂದು ಸಂಗತಿ ಪರಊರಿನಲ್ಲಿರುವ ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ‘2.0’ ಚಿತ್ರದ ಖಳನು ಹುಟ್ಟು ಖಳನಲ್ಲ. ಅವನು ಪಕ್ಷಿಗಳನ್ನು ಮಕ್ಕಳಂತೆ ಸಾಕಿದ ಪಂಡಿತ. ಮೊಬೈಲ್ ಗೋಪುರಗಳಿಂದ ಪಕ್ಷಿಗಳು ಸಾಯುತ್ತಿವೆಯೆಂದು ನಂಬಿ, ಯಾರೂ ತನ್ನ ಮಾತು ಕೇಳಲಿಲ್ಲವೆಂದು ಪ್ರಾಣ ಬಿಟ್ಟವನು. ಆ ನಂಬಿಕೆಗೆ ವಿಜ್ಞಾನದ ಗಟ್ಟಿ ಆಧಾರ ಸಾಲದು. ಚಿತ್ರ ಬಿಡುಗಡೆಯಾಗುವ ಮೊದಲೇ ಮೊಬೈಲ್ ಕಂಪನಿಗಳ ಸಂಘ ಮಂಡಲಿಗೆ ದೂರನ್ನೂ ಕೊಟ್ಟಿತ್ತು. ಅದೇನೇ ಇರಲಿ, ಅವನ ದುಃಖವನ್ನು ತಿಳಿದವನಿಗೆ ಅವನು ಮಾಡಿದ ಕೊಲೆಗಳ ಹಿಂದಿನ ಕಾರಣ ತಿಳಿಯುತ್ತದೆ. ಸರಿ, ತಪ್ಪು ಎಂದು ತೂಗಿ ನೋಡಬಹುದು.

ಆದರೆ ಆ ದುಃಖವೆಲ್ಲ ಇರುವುದು ತಮಿಳು ಮಾತಿನಲ್ಲಿ. ಹರಿಹರದಿಂದ ವಾರದ ಹಿಂದೆ ಬಂದ ಹುಡುಗನಿಗೆ ಅದರಲ್ಲಿ ಒಂದು ಅಕ್ಷರವೂ ತಿಳಿಯದು. ಅವನಿಗೆ ದಕ್ಕಿದ್ದು ನೇಣು, ಸದ್ದು, ಸಾವು ಮಾತ್ರ. ಭಾಷೆ ಬಾರದ ಮಗುವಿಗೆ ಚಿತ್ರದಲ್ಲಿಯ ಕಾರಣಗಳೆಲ್ಲ ಸೋರಿಹೋಗಿ ಹಿಂಸೆಯೊಂದೇ ಜರಡಿಯಲ್ಲಿ ಉಳಿಯುತ್ತದೆ. ಸರ್ಟಿಫಿಕೇಟು ಕೊಡುವವರು ಪ್ರೇಕ್ಷಕನಿಗೆ ಭಾಷೆ ಬರುತ್ತದೆಂದು ಭಾವಿಸಿಯೇ ಕೊಡುತ್ತಾರೆ. ಆದುದರಿಂದ ಊರಿನಿಂದ ಹೊಸದಾಗಿ ಬಂದ ಮಗುವಿನ ವಿಷಯದಲ್ಲಿ ಅದರ ಮೇಲಿನ ಸಂಖ್ಯೆಗೆ ಎರಡೋ ಮೂರೋ ವರ್ಷ ಕೂಡಿಸಿಕೊಳ್ಳುವುದು ಕ್ಷೇಮ. ಇದು ಸರಕಾರದ ನಿಯಮವಲ್ಲ, ಸುಟ್ಟುಕೊಂಡವನ ಮಾತು.

ದೊಡ್ಡ ಹುಡುಗರ ನಿರ್ಭಯ

ಸಣ್ಣವರು ಹೆದರುತ್ತಾರೆಂಬುದು ಒಂದು ಚಿಂತೆಯಾದರೆ, ಹತ್ತು ಹನ್ನೆರಡರ ಹುಡುಗರು ಹೆದರುವುದೇ ಇಲ್ಲವೆಂಬುದು ಇನ್ನೊಂದು ಚಿಂತೆ. ‘ಎಂದಿರನ್’ ಚಿತ್ರದ ಉತ್ತರಾರ್ಧದಲ್ಲಿ ನೂರಾರು ಯಂತ್ರಮಾನವರು ಗೋಡೆಯಾಗಿ, ಚೆಂಡಾಗಿ, ಹಾವಾಗಿ ಕೂಡಿಕೊಂಡು ಪೊಲೀಸರ ಮೇಲೆ ಬೀಳುತ್ತಾರೆ. ಸತ್ತವರ ಲೆಕ್ಕವಿಲ್ಲ. ಆದರೂ ನೋಡುವ ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಏಕೆಂದರೆ ಅಲ್ಲಿ ನೋವಿನ ಮುಖ ಕಾಣುವುದಿಲ್ಲ. ಹಿಂಸೆ ಆಟದಂತೆ ಕಾಣುತ್ತದೆ.

ಇದರ ಫಲವೇನು? 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ನಡೆಸಿದರು. ಗಾಳಿ ತುಂಬಿದ ದೊಡ್ಡ ಗೊಂಬೆಯೊಂದನ್ನು ಹಿರಿಯರೊಬ್ಬರು ಹೊಡೆದು ಒದೆಯುವುದನ್ನು ಶಿಶುವಿಹಾರದ ಮಕ್ಕಳಿಗೆ ತೋರಿಸಿದರು. ಅನಂತರ ಮಕ್ಕಳನ್ನು ಗೊಂಬೆಯ ಬಳಿ ಬಿಟ್ಟಾಗ ಅವರೂ ಹಾಗೆಯೇ ಹೊಡೆದರು. 1965ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಹೊಡೆದವನಿಗೆ ಕೊನೆಯಲ್ಲಿ ಶಿಕ್ಷೆಯಾಗುವುದನ್ನೂ ಕೆಲವರಿಗೆ ತೋರಿಸಲಾಯಿತು. ಆ ಮಕ್ಕಳು ಹೊಡೆದದ್ದು ಕಡಿಮೆ. ಆದರೆ “ಅವನು ಮಾಡಿದಂತೆ ಮಾಡಿ ತೋರಿಸಿದರೆ ಬಹುಮಾನ ಕೊಡುತ್ತೇವೆ” ಎಂದಾಗ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು! ಎಂದರೆ, ಶಿಕ್ಷೆಯನ್ನು ನೋಡಿದವರು ಹೊಡೆತವನ್ನು ಕಲಿಯಲಿಲ್ಲವೆಂದಲ್ಲ, ಕಲಿತು ಒಳಗಿಟ್ಟುಕೊಂಡಿದ್ದರು.

ಒಂದು ಚಿತ್ರ ನೋಡಿದ ಹುಡುಗ ಮಾರನೆಯ ದಿನ ಕೊಲೆಗಾರನಾಗುವನೆಂದು ಇದರಿಂದ ಹೇಳಬಾರದು. ಗೊಂಬೆಯನ್ನು ಹೊಡೆಯುವುದು ಬೇರೆ, ಮನುಷ್ಯನನ್ನು ಹೊಡೆಯುವುದು ಬೇರೆ. ಆದರೆ “ಕೊನೆಗೆ ಕೆಟ್ಟವನು ಸಾಯುತ್ತಾನಲ್ಲ, ಇನ್ನೇನು?” ಎಂಬ ಸಮರ್ಥನೆ ಸಾಲದು. ಆ ಕೊನೆಗೂ ಮೊದಲಿನ ಎರಡೂವರೆ ಗಂಟೆಗೂ ನಂಟು ಹಾಕಿಕೊಡಲು ಪಕ್ಕದಲ್ಲಿ ಒಬ್ಬ ಹಿರಿಯ ಬೇಕು.

ಒಳ್ಳೆಯ ಚಿತ್ರ ಅದಕ್ಕೆ ಅವಕಾಶವನ್ನೂ ಕೊಡುತ್ತದೆ. ಆಗಿನ ಆ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ಕಳೆದ ರಜೆಯಲ್ಲಿ ನಾವಿಬ್ಬರೂ ಮನೆಯಲ್ಲಿ ಕುಳಿತು ‘ಎಂದಿರನ್’ ನೋಡಿದೆವು. ಅದರಲ್ಲಿ ಒಂದು ಬೆಂಕಿಯ ದೃಶ್ಯವಿದೆ. ಸ್ನಾನ ಮಾಡುತ್ತಿದ್ದ ಹುಡುಗಿಯೊಬ್ಬಳನ್ನು ಯಂತ್ರಮಾನವನು ಉರಿಯಿಂದ ಎತ್ತಿ ತಂದು, ಮೈಮೇಲೆ ಬಟ್ಟೆಯಿಲ್ಲದಂತೆಯೇ ಜನರ ಮುಂದೆ, ಕ್ಯಾಮರಾಗಳ ಮುಂದೆ ನಿಲ್ಲಿಸುತ್ತಾನೆ. ಆಕೆ ನಾಚಿಕೆಯಿಂದ ಓಡಿ ಲಾರಿಗೆ ಸಿಕ್ಕಿ ಸಾಯುತ್ತಾಳೆ. ಗುಂಡಿಲ್ಲ, ಹೊಡೆದಾಟವಿಲ್ಲ. ಆದರೂ ಇಡೀ ಚಿತ್ರದಲ್ಲಿ ಹುಡುಗ ಸುಮ್ಮನಾದದ್ದು ಅಲ್ಲಿ ಮಾತ್ರ. “ಚಿಗಪ್ಪ, ಅದು ಅವಳನ್ನ ಉಳಿಸ್ತು. ಮತ್ತೆ ತಪ್ಪು ಯಾರದು?” ಎಂದು ಕೇಳಿದ. ಚಿತ್ರವನ್ನು ನಿಲ್ಲಿಸಿ ಒಂದು ಗಂಟೆ ಮಾತನಾಡಿದೆವು. ಪ್ರಾಣಕ್ಕಿಂತ ಮಾನ ದೊಡ್ಡದೆಂದು ಆ ಹುಡುಗಿಗೆ ಕಲಿಸಿದವರು ಯಾರು ಎಂಬಲ್ಲಿಗೆ ಮಾತು ಹೋಯಿತು. ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಆರು ವರ್ಷದವನಿಗೆ ಭಯ ಮಾತ್ರ ಕೊಡಬಹುದಾಗಿದ್ದ ಚಿತ್ರ ಹೈಸ್ಕೂಲಿನವನಿಗೆ ಒಂದು ಪ್ರಶ್ನೆಯನ್ನು ಕೊಟ್ಟಿತು. ವಯಸ್ಸೆಂಬುದಕ್ಕೆ ಬೆಲೆಯಿರುವುದು ಇದಕ್ಕೆ.

ಟಿಕೀಟು ಕೊಳ್ಳುವ ಮೊದಲು

ಇನ್ನು ಆಚರಣೆಗೆ ಬೇಕಾದ ನಾಲ್ಕು ಮಾತು.

ಮೊದಲನೆಯದು: ಭಿತ್ತಿಪತ್ರದಲ್ಲಿಯೋ ಟಿಕೀಟು ಕಾದಿರಿಸುವಲ್ಲಿಯೋ ದರ್ಜೆಯನ್ನು ನೋಡಿರಿ. ‘ಎ’ ಆಗಿದ್ದರೆ ಚರ್ಚೆಯೇ ಬೇಡ. ‘ಯುಎ’ ಆಗಿದ್ದರೆ ಅದರ ಮುಂದಿನ ಸಂಖ್ಯೆಯನ್ನು ಓದಿರಿ.

ಎರಡನೆಯದು: ಚಿತ್ರ ನೋಡಿ ಬಂದ ಸಹೋದ್ಯೋಗಿಯನ್ನು “ಹೇಗಿದೆ?” ಎಂದಷ್ಟೇ ಕೇಳಬೇಡಿರಿ. “ಮೊದಲ ಹತ್ತು ನಿಮಿಷದಲ್ಲಿ ಏನಾಗುತ್ತದೆ? ಮನೆಯಲ್ಲಿರುವ ವಸ್ತು ಯಾವುದಾದರೂ ಕೊಲ್ಲುತ್ತದೆಯೇ? ಮಗುವಿಗೆ ಅಥವಾ ತಾಯಿಗೆ ಹಾನಿಯಾಗುತ್ತದೆಯೇ? ಹೊಡೆಸಿಕೊಂಡವನ ನೋವು ಕಾಣುತ್ತದೆಯೇ?” ಎಂದು ಕೇಳಿರಿ. ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಅರ್ಧ ಚಿತ್ರ ನೋಡಿದಂತೆಯೇ.

ಮೂರನೆಯದು: ಚಿತ್ರಮಂದಿರದಲ್ಲಿ ಸಾಲಿನ ಕೊನೆಯ ಕುರ್ಚಿ ಹಿಡಿಯಿರಿ, ಎದ್ದು ಬರಲು ನಾಚಬೇಡಿರಿ. ಕೊಟ್ಟ ಹಣ ಹೋಯಿತೆಂದು ಮಗುವನ್ನು ಕೂರಿಸಿಕೊಳ್ಳಬಾರದು. ಅಳುವ ಮಗುವಿಗಿಂತ ಕಲ್ಲಿನಂತೆ ಕುಳಿತ ಮಗುವನ್ನು ಹೆಚ್ಚು ಗಮನಿಸಿರಿ. ನಾನು ಮೋಸಹೋದದ್ದು ಅಲ್ಲಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಇಂದು ಮಕ್ಕಳು ಹೆಚ್ಚಾಗಿ ನೋಡುವುದು ಚಿತ್ರಮಂದಿರದಲ್ಲಲ್ಲ. ನಮ್ಮ ಕೈಯ ಫೋನಿನಲ್ಲಿ. ನಮ್ಮಲ್ಲಿ ಬಹುಮಂದಿಗೆ ಇರುವುದು ಒಂದೇ ಕೋಣೆ. ರಾತ್ರಿ ಪಾಳಿ ಮುಗಿಸಿ ಬಂದವನು ಮಲಗಿಕೊಂಡೇ ಚಿತ್ರ ಹಚ್ಚಿದರೆ ಪಕ್ಕದಲ್ಲಿ ಮಲಗಿದ ಮಗುವಿನ ಕಣ್ಣೂ ಅದರ ಮೇಲೆಯೇ. 2021ರ ನಿಯಮಗಳ ಮೇರೆಗೆ ಅಂತರ್ಜಾಲದ ಚಿತ್ರಸಂಸ್ಥೆಗಳೂ ವಯಸ್ಸಿನ ದರ್ಜೆ ಹಾಕಬೇಕು. 13+ ಮತ್ತು ಅದಕ್ಕೆ ಮೇಲ್ಪಟ್ಟ ಚಿತ್ರಗಳಿಗೆ ಬೀಗ ಹಾಕುವ ಸೌಕರ್ಯ ಕೊಡಬೇಕು. ಬೀಗವನ್ನು ಅವರು ಕೊಟ್ಟಿರುತ್ತಾರೆ, ಹಾಕುವವರು ನಾವು. ಹೇಗೆಂದು ತಿಳಿಯದವರು ಆಫೀಸಿನಲ್ಲಿಯೋ ವಾಚನಾಲಯದಲ್ಲಿಯೋ ಬಲ್ಲವರನ್ನು ಕೇಳಿರಿ. ಐದು ನಿಮಿಷದ ಕೆಲಸ.

ಮಕ್ಕಳಿಗೆ ಚಿತ್ರವೇ ಬೇಡವೆಂದು ನಾನು ಹೇಳುತ್ತಿಲ್ಲ. ಯಂತ್ರಗಳ, ನಕ್ಷತ್ರಗಳ ಕಲ್ಪನೆ ಮಕ್ಕಳಿಗೆ ಸಲ್ಲಬೇಕಾದದ್ದೇ. ಯಾವಾಗ, ಯಾರ ಪಕ್ಕದಲ್ಲಿ, ಯಾವ ಭಾಷೆಯಲ್ಲಿ ಎಂಬುದಷ್ಟೇ ಮಾತು. ಮುಂದಿನ ಭಾನುವಾರ ಮಗುವಿನ ಕೈ ಹಿಡಿದು ಹೊರಡುವ ಮೊದಲು ಒಂದು ಗಳಿಗೆ ನಿಂತು, ರಾತ್ರಿ ಎಂಟಕ್ಕೆ ಊರಿನಿಂದ ಫೋನು ಬಂದಾಗ ಈ ಮಗು ಓಡಿ ಬಂದು ಅದನ್ನು ಎತ್ತಿಕೊಳ್ಳುವುದೇ ಎಂದು ಯೋಚಿಸಿರಿ. ಎತ್ತಿಕೊಳ್ಳುವುದೆಂದು ಧೈರ್ಯವಾಗಿ ಹೇಳಬಲ್ಲಿರಾದರೆ, ಹೋಗಿ ಬನ್ನಿರಿ.